ಮೈಮೇಲೆ ಬಂದವರ ಮಾತು

(ಯಲ್ಲದಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)

ಯಲ್ಲದಕೆರೆಯ ಹಿರಿಯರೇ, ತಾಯಂದಿರೇ, ಬೇಜಾರಾದರೆ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಹತ್ತಿರವೇ ಕೂತಿರುವ ಹುಡುಗರೇ,

ಬಸ್ಸಿಳಿದು ಬರುವಾಗ ಕಟ್ಟೆಯ ಮೇಲಿದ್ದ ಅಜ್ಜ ಒಬ್ಬರು ತಡೆದು ಕೇಳಿದರು: “ದೆವ್ವದ ಸಿನಿಮಾ ಬಗ್ಗೆ ಭಾಷಣ ಅಂತಲ್ಲ ಸ್ವಾಮಿ, ಸಿನಿಮಾ ತೋರಿಸ್ತೀರೋ ಬರೀ ಮಾತೋ?” ಮೊದಲು ಮಾತು, ಆಮೇಲೆ ಸಿನಿಮಾ ಅಂದೆ. “ಹಂಗಾದ್ರೆ ಆಮೇಲೇ ಬತ್ತೀನಿ ಬಿಡಿ” ಅಂದುಬಿಟ್ಟರು. ಅವರು ಬರುವಷ್ಟರಲ್ಲಿ ಮುಗಿಸಬೇಕು ಎಂಬ ಹೆದರಿಕೆಯಲ್ಲೇ ಶುರು ಮಾಡುತ್ತಿದ್ದೇನೆ.

ದತ್ತಿ ಇಟ್ಟ ಮನೆಯವರು ನಂಬಿಕೆ ಮತ್ತು ಶೋಷಣೆಯ ಬಗ್ಗೆ ಮಾತಾಡಿ ಅಂದಿದ್ದರು. ಆ ಎರಡು ಪದಗಳನ್ನು ಹಿಡಿದುಕೊಂಡು ಬಂದರೆ ಇಲ್ಲಿ ಕೂತವರಿಗೆಲ್ಲ ಗೊತ್ತಿರುವುದನ್ನೇ ಹೇಳಿ ಹೋಗಬೇಕಾಗುತ್ತದೆ. ನನಗೆ ತಿಳಿದ ವಿಷಯ ಸಿನಿಮಾ. ಅದರಲ್ಲೂ ದೆವ್ವದ ಸಿನಿಮಾ ಅಂದರೆ ಚಿಕ್ಕಂದಿನಿಂದ ಒಂದು ಸೆಳೆತ. ಆ ದಾರಿಯಲ್ಲೇ ಹೋಗುತ್ತೇನೆ.

ನಮ್ಮ ಕಾಲದವರಿಗೆ ದೆವ್ವ ಅಂದರೆ 1979ರ ‘ನಾ ನಿನ್ನ ಬಿಡಲಾರೆ’. ಅನಂತನಾಗ್, ಲಕ್ಷ್ಮಿ, ರಾಜನ್-ನಾಗೇಂದ್ರರ ಸಂಗೀತ. ಟೆಂಟಿನ ನೆಲದಲ್ಲಿ ಅಮ್ಮನ ಸೆರಗು ಹಿಡಿದು ನೋಡಿದವನು ನಾನು. ಗಂಡನನ್ನು ಹಿಡಿದ ಹೆಣ್ಣುದೆವ್ವ, ಮನೆಯಲ್ಲಿ ರಾಯರ ಭಕ್ತಿ, ಕೊನೆಗೆ ರಾಘವೇಂದ್ರಸ್ವಾಮಿಗಳ ಕೃಪೆಯಿಂದ ಬಿಡುಗಡೆ. ಸಿನಿಮಾ ಮುಗಿದ ಮೇಲೆ ಜನ ಟೆಂಟಿನಲ್ಲೇ ಕೈಮುಗಿದು ಎದ್ದರು. ನಾನೂ ಮುಗಿದೆ. ಆದರೆ ರಾತ್ರಿ ಹಾಸಿಗೆಯಲ್ಲಿ ಒಂದು ಪ್ರಶ್ನೆ ನಿದ್ದೆಗೆಡಿಸಿತು. ಆ ದೆವ್ವಕ್ಕೂ ಹೇಳಿಕೊಳ್ಳುವ ಒಂದು ಕಥೆ ಇತ್ತಲ್ಲ, ಅದನ್ನು ಕೂರಿಸಿ ಪೂರ್ತಿ ಕೇಳಿದವರು ಯಾರು? ಓಡಿಸುವ ಅವಸರ ಎಲ್ಲರಿಗೂ ಇತ್ತು.

ಈ ಪ್ರಶ್ನೆ ಬರಲು ಕಾರಣ ಸಿನಿಮಾ ಒಂದೇ ಅಲ್ಲ. ನಮ್ಮ ಬೀದಿಯಲ್ಲಿ ಒಬ್ಬ ಸೊಸೆ ಇದ್ದಳು. ಹೆಸರು ಬೇಡ. ವಾರವೆಲ್ಲ ತಲೆಯ ಮೇಲಿನ ಸೆರಗು ಜಾರದಂತೆ ಓಡಾಡುತ್ತಿದ್ದ ಹೆಣ್ಣುಮಗಳು, ಕೆಲವು ಶುಕ್ರವಾರಗಳಂದು ಮೈಮೇಲೆ ಬಂದಾಗ ಅತ್ತೆಯನ್ನೇ ಏಕವಚನದಲ್ಲಿ ಕರೆಯುತ್ತಿದ್ದಳು. “ಏನೇ, ನನ್ ಬಂಗಾರ ಎಲ್ಲೇ?” ಅನ್ನುತ್ತಿದ್ದಳು. ಅದೇ ಅತ್ತೆ ಆಗ ಬಗ್ಗಿ ಕೈಮುಗಿದು “ತಪ್ಪಾಯ್ತು ತಾಯಿ” ಅನ್ನುತ್ತಿದ್ದಳು. ಆಮೇಲೆ ಬಿಡಿಸುವವನು ಬರುತ್ತಿದ್ದ. ಬೇವಿನ ಬರಲು, ಮೆಣಸಿನಕಾಯಿ ಹೊಗೆ, ಅಂತ್ರ, ಒಂದು ಕೋಳಿ, ಕೈಗೆ ಇಷ್ಟು ದುಡ್ಡು. “ಇದು ದೇವರಲ್ಲ, ಗಾಳಿ” ಎಂದು ಅವನು ಹೇಳಿದ ಮೇಲೆ ಅದು ಗಾಳಿಯೇ ಆಯಿತು. ಅವಳು ದೇವರಾಗಿದ್ದಾಗ ಕೇಳಿದ ಬಂಗಾರದ ಪ್ರಶ್ನೆಗೆ ಆಮೇಲೆ ಉತ್ತರ ಕೊಡಬೇಕಾದ ಅಗತ್ಯ ಯಾರಿಗೂ ಬೀಳಲಿಲ್ಲ. ಆ ಬಂಗಾರ ಅವಳ ತೌರಿನವರು ಹಾಕಿದ್ದು, ಅತ್ತೆ ಮನೆಯವರು ಅಡವಿಟ್ಟಿದ್ದರು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ.

ದೆವ್ವ ಇದೆಯೋ ಇಲ್ಲವೋ ಎಂಬ ಜಗಳಕ್ಕೆ ನಾನು ಬಂದಿಲ್ಲ. ಆ ಕೆಲಸವನ್ನು ದೊಡ್ಡವರು ಮಾಡಿದ್ದಾರೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ನನ್ನದು ಅದಕ್ಕಿಂತ ಚಿಕ್ಕ ಪ್ರಶ್ನೆ. ಮೈಮೇಲೆ ಬಂದದ್ದು ಏನನ್ನೋ ಹೇಳುತ್ತದೆ; ಅದಕ್ಕೆ ಅರ್ಥ ಹೇಳುವ ಹಕ್ಕು ಯಾರದು? ಮೈಲಾರದ ಕಾರಣಿಕದಲ್ಲಿ ಗೊರವಯ್ಯ ಬಿಲ್ಲೇರಿ ನಿಂತು ಒಂದೇ ಒಂದು ಮಾತು ಹೇಳಿ ಬೀಳುತ್ತಾನೆ. ಅದು ಮೂರು ನಾಲ್ಕು ಪದ. ಅಷ್ಟರಲ್ಲೇ ರೈತ ಮಳೆ ನೋಡುತ್ತಾನೆ, ವ್ಯಾಪಾರಿ ಧಾರಣೆ ನೋಡುತ್ತಾನೆ, ರಾಜಕಾರಣಿ ತನ್ನ ಕುರ್ಚಿ ನೋಡಿಕೊಳ್ಳುತ್ತಾನೆ. ಕಾರಣಿಕದಲ್ಲಿ ಅರ್ಥ ಹೇಳುವವರು ಸಾವಿರ ಜನ, ಹಾಗಾಗಿ ಅಪಾಯ ಕಡಿಮೆ. ಅರ್ಥ ಹೇಳುವವನು ಒಬ್ಬನೇ ಆದಾಗ ಭಯ ಶುರುವಾಗುತ್ತದೆ.

ಈ ಕಣ್ಣಿನಿಂದ ‘ಕಾಂತಾರ’ವನ್ನು ಇನ್ನೊಮ್ಮೆ ನೋಡಿ. 2022ರ ಸೆಪ್ಟೆಂಬರ್ 30ರಂದು ಬಂದ ಚಿತ್ರ. ನಿಮ್ಮಲ್ಲಿ ನೋಡದವರು ಕಡಿಮೆ. ಎಲ್ಲರೂ ಕೊನೆಯ ಇಪ್ಪತ್ತು ನಿಮಿಷದ ಗುಳಿಗನ ಆರ್ಭಟದ ಮಾತಾಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಒಂದು ಸಣ್ಣ ದೃಶ್ಯ. ಊರಿನ ಧಣಿ ದೇವೇಂದ್ರ, ದೈವ ಕಟ್ಟುವ ಗುರುವನನ್ನು ಕರೆದು ಒಂದು ಸಹಾಯ ಕೇಳುತ್ತಾನೆ. ಕೋಲದ ದಿನ ದೈವ ಮೈದುಂಬಿದಾಗ, ಭೂಮಿ ಧಣಿಗೆ ಸೇರಬೇಕು ಎಂದು ನುಡಿ ಕೊಡಬೇಕು, ಅಷ್ಟೇ. ಗುರುವ ಒಪ್ಪುವುದಿಲ್ಲ. ಅವನ ಹೆಣ ಬೀಳುತ್ತದೆ.

ಧಣಿಗೆ ದೈವದ ಮೇಲೆ ನಂಬಿಕೆ ಇತ್ತೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವೇ ಅಲ್ಲ. ದೈವದ ಬಾಯಿಗೆ ಒಂದು ಬೆಲೆ ಇದೆ, ಅದನ್ನು ಕೊಳ್ಳಬಹುದು ಎಂದು ಅವನಿಗೆ ಗೊತ್ತಿತ್ತು. ತುಳುನಾಡಿನ ಭೂತಾರಾಧನೆಯ ಒಳಗೇ ಈ ಬಿರುಕು ಇದೆ. ದೈವ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಕೋಲದ ರಾತ್ರಿ ಗುತ್ತಿನ, ಅಂದರೆ ಊರಿನ ದೊಡ್ಡ ಮನೆಯ, ಯಜಮಾನ ಅವರ ಮುಂದೆ ತಲೆಬಾಗಿ ನಿಲ್ಲುತ್ತಾನೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅದೇ ಮನೆಯ ಅಂಗಳದ ಕೆಳಗೆ ನಿಲ್ಲಬೇಕಿತ್ತು. ನಮ್ಮ ಬೀದಿಯ ಸೊಸೆಯ ಶುಕ್ರವಾರಕ್ಕೂ ಈ ರಾತ್ರಿಗೂ ದೂರವಿಲ್ಲ. ಮಾತಾಡಲು ಒಂದು ಹೊತ್ತು ಮೀಸಲು, ಆ ಹೊತ್ತಿನ ಹೊರಗೆ ಬಾಯಿಲ್ಲ.

‘ಕಾಂತಾರ’ದ ಕೊನೆಯಲ್ಲಿ ದೈವ ಮಾತಿಲ್ಲದೆ ಊರವರ ಕೈಯನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಕೂಡಿಸಿ ಎದೆಗೆ ಹಿಡಿಯುತ್ತದೆ. ನೋಡುವಾಗ ನನಗೂ ಕಣ್ಣು ಒದ್ದೆಯಾಯಿತು. ಮನೆಗೆ ಬಂದು ಯೋಚಿಸಿದರೆ ಅನುಮಾನ. ಧಣಿ ಸತ್ತ, ಸರಿ. ಸರ್ಕಾರದ ಕೈ ಇಷ್ಟು ಸುಲಭವಾಗಿ ದೈವದ ಎದೆಗೆ ಹೇಗೆ ಬಂತು? ಅಲ್ಲಿ ಚಿತ್ರ ಸ್ವಲ್ಪ ಅವಸರ ಮಾಡಿತು ಅಂತ ನನ್ನ ಅಭಿಪ್ರಾಯ.

ಅವಸರ ಮಾಡದ, ನಗಿಸುತ್ತಲೇ ಕುತ್ತಿಗೆ ಹಿಡಿಯುವ ಚಿತ್ರ 2025ರ ಜುಲೈ 25ರಂದು ಬಂತು. ‘ಸು ಫ್ರಮ್ ಸೋ’. ಸೋಮೇಶ್ವರದ ಸುಲೋಚನಾ ಎಂಬುದರ ಗಿಡ್ಡ ರೂಪ. ನಿರ್ದೇಶಕರು ಜೆ.ಪಿ. ತುಮಿನಾಡ್, ನಿರ್ಮಾಪಕರಲ್ಲಿ ಒಬ್ಬರು ರಾಜ್ ಬಿ. ಶೆಟ್ಟಿ. ದೊಡ್ಡ ಸ್ಟಾರ್ ಇಲ್ಲ, ದೊಡ್ಡ ಬಂಡವಾಳ ಇಲ್ಲ. ಬಾಯಿಂದ ಬಾಯಿಗೆ ಹರಡಿ ನೂರು ಕೋಟಿ ದಾಟಿತು. ಹಾಸ್ಯ ಚಿತ್ರ ಎಂದು ಜನ ಹೋದರು, ನಾನೂ ಹೋದೆ. ಅದರೊಳಗೆ ಇರುವುದು ಮಾತ್ರ ನಂಬಿಕೆಯ ಬಗ್ಗೆ ನಮ್ಮಲ್ಲಿ ಬಂದ ತುಂಬಾ ಚೂಪಾದ ಕಥೆಗಳಲ್ಲಿ ಒಂದು.

ಅಶೋಕ ಎಂಬ ಹುಡುಗ ಇರಬಾರದ ಕಡೆ ಸಿಕ್ಕಿಬೀಳುತ್ತಾನೆ. ಮರ್ಯಾದೆ ಉಳಿಸಿಕೊಳ್ಳಲು ಮೈಮೇಲೆ ಬಂದವನಂತೆ ಆಡುತ್ತಾನೆ. ಸೋಮೇಶ್ವರದ ಸುಲೋಚನಾ ಎಂಬ ಹೆಸರು ಹೊರಗೆ ಬೀಳುತ್ತದೆ. ಅಲ್ಲಿಂದ ಮುಂದೆ ಆ ಸುಳ್ಳು ಅವನದಲ್ಲ, ಊರಿನದು. ಅವನು ಬೇಡ ಅಂದರೂ ಊರು ಬಿಡುವುದಿಲ್ಲ. ರವಿಯಣ್ಣ ಮುಂದಾಳತ್ವ ವಹಿಸುತ್ತಾರೆ, ಎಲ್ಲರೂ ತಲೆಗೊಂದು ಸಲಹೆ ಕೊಡುತ್ತಾರೆ, ಕೊನೆಗೆ ಬಿಡಿಸಲು ಕರುಣಾಕರ ಗುರೂಜಿ ಬರುತ್ತಾರೆ. ಗುರೂಜಿಯ ಪಾತ್ರ ರಾಜ್ ಬಿ. ಶೆಟ್ಟಿಯವರೇ ಮಾಡಿದ್ದು.

ಈ ಗುರೂಜಿ ಖಳನಾಯಕನಲ್ಲ, ಅದು ಈ ಚಿತ್ರದ ದೊಡ್ಡ ಜಾಣತನ. ಹಳೆಯ ಸಿನಿಮಾದಲ್ಲಿ ಮಂತ್ರವಾದಿ ಅಂದರೆ ಕಾಡಿಗೆ ಕಣ್ಣು, ತಲೆಬುರುಡೆ, ಹಾಹಾ ಎಂಬ ನಗು. ನಾವು ಕಂಡ ಮಂತ್ರವಾದಿಗಳು ಹಾಗಿರುತ್ತಾರೆಯೇ? ಅವರು ನಮ್ಮ ನಿಮ್ಮಂತೆ ಟೀ ಕುಡಿಯುತ್ತಾರೆ, ಮಗಳ ಮದುವೆಯ ಚಿಂತೆ ಹೇಳಿಕೊಳ್ಳುತ್ತಾರೆ, ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟಿನಲ್ಲೇ ಕೂರುತ್ತಾರೆ. ಅವರ ಕಸುಬಿಗೆ ಬೇಕಾದ ಮುಕ್ಕಾಲು ಪಾಲು ಸರಕನ್ನು ನಾವೇ ಒದಗಿಸಿರುತ್ತೇವೆ. ಈ ಮನೆಯಲ್ಲಿ ಯಾರು ಸತ್ತರು, ಯಾರಿಗೆ ಯಾರ ಮೇಲೆ ಹೊಟ್ಟೆಕಿಚ್ಚು ಎಂಬುದೆಲ್ಲ ಅವರು ಹೊಸ್ತಿಲು ದಾಟುವ ಮೊದಲೇ ಅವರ ಕಿವಿಗೆ ಬಿದ್ದಿರುತ್ತದೆ.

ಆಮೇಲೆ ಕಥೆಗೆ ಸುಲೋಚನಳ ಮಗಳು ಭಾನು ಬರುತ್ತಾಳೆ. ಅವಳಿಗೆ ಕಾಟ ಕೊಡುವುದು ದೆವ್ವವಲ್ಲ, ತನ್ನವರೇ. ಬದುಕಿರುವ ಆ ಹೆಣ್ಣಿನ ಮಾತನ್ನು ಒಬ್ಬರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸತ್ತ ಅವಳ ತಾಯಿ, ಅದೂ ಒಬ್ಬ ಹುಡುಗನ ಸುಳ್ಳಿನಲ್ಲಿ ಹುಟ್ಟಿದ ತಾಯಿ, ಬಾಯಿಬಿಟ್ಟರೆ ಊರೇ ನಡುಗುತ್ತದೆ. ಅಶೋಕನ ಸುಳ್ಳು ಅಲ್ಲಿ ಕೆಲಸಕ್ಕೆ ಬರುತ್ತದೆ. ಚಿತ್ರಮಂದಿರದಲ್ಲಿ ಜನ ಚಪ್ಪಾಳೆ ಹೊಡೆದರು. ನನಗೆ ನಗು ನಿಂತು ಹೋಯಿತು. ಬದುಕಿರುವವಳು ಕೇಳಿದರೆ ಸಿಗದ ನ್ಯಾಯ ಸತ್ತವಳು ಕೇಳಿದರೆ ಸಿಗುವ ಊರಿನಲ್ಲಿ ನಾವಿದ್ದೇವೆ ಎಂದ ಹಾಗಾಯಿತಲ್ಲ! ಹೆದರಿಸಲು ಒಂದು ನೆರಳನ್ನೂ ತೋರಿಸದೆ ಇಷ್ಟು ಹೆದರಿಸಿದ ಚಿತ್ರವನ್ನು ನಾನು ಇತ್ತೀಚೆಗೆ ನೋಡಿಲ್ಲ.

ಹೀಗೆ ದೊಡ್ಡ ಬಂಡವಾಳವಿಲ್ಲದೆ ಮಾಡುವ ಸ್ವತಂತ್ರ ಸಿನಿಮಾದ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪವನ್ ಕುಮಾರ್ 2013ರ ‘ಲೂಸಿಯಾ’ಕ್ಕೆ ಜನರಿಂದಲೇ 27 ದಿನದಲ್ಲಿ 51 ಲಕ್ಷ ರೂಪಾಯಿ ಎತ್ತಿದರು. ದುಡ್ಡು ಎಲ್ಲಿಂದ ಬರುತ್ತದೆ ಎಂಬುದಕ್ಕೂ ದೆವ್ವ ಹೇಗೆ ಹೋಗುತ್ತದೆ ಎಂಬುದಕ್ಕೂ ಸಂಬಂಧ ಇದೆ. ದೊಡ್ಡ ದುಡ್ಡಿಗೆ ಯಾರನ್ನೂ ಎದುರು ಹಾಕಿಕೊಳ್ಳುವ ಧೈರ್ಯ ಇರುವುದಿಲ್ಲ. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿ ಎಂಬ ದೆವ್ವವನ್ನು ಬಿಡಿಸಲು ಮನೋವೈದ್ಯರೂ ಬೇಕು, ಶಾಸ್ತ್ರ ಬಲ್ಲ ಆಚಾರ್ಯರೂ ಬೇಕು. ಇಬ್ಬರೂ ಕೈಕೈ ಹಿಡಿದುಕೊಂಡು ಕೆಲಸ ಮಾಡುತ್ತಾರೆ. ಡಾಕ್ಟರನ್ನು ನಂಬುವವರ ಟಿಕೇಟೂ ಸಿಕ್ಕಿತು, ಆಚಾರ್ಯರನ್ನು ನಂಬುವವರ ಟಿಕೇಟೂ ಸಿಕ್ಕಿತು. ವಿಷ್ಣುವರ್ಧನ್, ಸೌಂದರ್ಯ ಇಬ್ಬರ ಅಭಿಮಾನಿಯಾಗಿಯೇ ಈ ಮಾತು ಹೇಳುತ್ತಿದ್ದೇನೆ, ಬಯ್ಯಬೇಡಿ.

ಒಬ್ಬರನ್ನು ದೇವರು ಮಾಡುವುದೂ ದೆವ್ವ ಮಾಡುವುದೂ ಒಂದೇ ಕೆಲಸದ ಎರಡು ಮಗ್ಗುಲು. ಸತ್ಯಜಿತ್ ರಾಯ್ ಇದನ್ನು 1960ರಲ್ಲೇ ‘ದೇವಿ’ಯಲ್ಲಿ ತೋರಿಸಿದರು. ಜಮೀನುದಾರ ಮಾವನಿಗೆ ಒಂದು ಕನಸು ಬೀಳುತ್ತದೆ. ಮನೆಯ ಚಿಕ್ಕ ಸೊಸೆ ದಯಾಮಯಿ ಸಾಕ್ಷಾತ್ ಕಾಳಿ ಎಂದು ಅವನು ಅವಳ ಕಾಲಿಗೆ ಬೀಳುತ್ತಾನೆ. ಹದಿನೇಳರ ಹುಡುಗಿಯನ್ನು ಪೀಠದ ಮೇಲೆ ಕೂರಿಸಿ ಧೂಪ ಹಾಕುತ್ತಾರೆ. ಒಮ್ಮೆ ಒಂದು ಮಗು ಚೇತರಿಸಿಕೊಂಡು ಪವಾಡವಾಗುತ್ತದೆ. ಮುಂದೆ ಮನೆಯ ಮುದ್ದಿನ ಮಗುವಿಗೇ ಕಾಯಿಲೆ ಬಿದ್ದಾಗ ವೈದ್ಯರ ಬದಲು ಅವಳ ಮಡಿಲಿಗೆ ಹಾಕುತ್ತಾರೆ. ಮಗು ಉಳಿಯುವುದಿಲ್ಲ. ನೀನು ದೇವರಾಗಲು ಒಪ್ಪುತ್ತೀಯಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಇಂಗ್ಲೆಂಡಿನಲ್ಲಿ 1973ರಲ್ಲಿ ಬಂದ ‘ದಿ ವಿಕರ್ ಮ್ಯಾನ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿನ ದ್ವೀಪದ ಒಡೆಯನ ತಾತ ಹಣ್ಣಿನ ತೋಟ ಎಬ್ಬಿಸಲು ಬಂದವನು. ಜನರನ್ನು ಹುರುಪಿನಿಂದ ದುಡಿಸಲು ಹಳೆಯ ದೇವರುಗಳನ್ನು ಅವನೇ ಮತ್ತೆ ಎಬ್ಬಿಸಿ ನಿಲ್ಲಿಸಿದ. ಮೊಮ್ಮಗನ ಕಾಲಕ್ಕೆ ಫಸಲು ಕೈಕೊಟ್ಟಿತು, ದೇವರು ಮನುಷ್ಯನನ್ನೇ ಕೇಳಿತು.

ಫಸಲು ಕೈಕೊಡುವುದು ಅಂದರೆ ಏನೆಂದು ಹಿರಿಯೂರು ತಾಲ್ಲೂಕಿನವರಿಗೆ ನಾನು ಹೇಳಬೇಕಿಲ್ಲ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಇನ್ನೊಮ್ಮೆ ಕೋಡಿ ನೋಡಲು 2022ರ ತನಕ ಕಾಯಬೇಕಾಯಿತು. ನಡುವೆ 89 ವರ್ಷ. ಆ ಅಣೆಕಟ್ಟೆಯನ್ನು ನಾವು ಇಂದಿಗೂ ಮಾರಿಕಣಿವೆ ಅಂತಲೇ ಕರೆಯುತ್ತೇವೆ. ಕಣಿವೆ ಮಾರಮ್ಮನ ಹೆಸರು ಮಹಾರಾಜರು ಇಟ್ಟ ಹೆಸರಿಗಿಂತ ಗಟ್ಟಿ. ನೀರಿನ ಜೊತೆ ದೇವರು ಬೆರೆತಿರುವ ಸೀಮೆ ಇದು.

ಆದರೂ ಕನ್ನಡದ ದೆವ್ವಗಳೆಲ್ಲ ಕರಾವಳಿಗೆ, ಮಲೆನಾಡಿಗೆ ವಲಸೆ ಹೋಗಿವೆ. ಅಲ್ಲಿ ಕಾಡಿದೆ, ಮಂಜಿದೆ, ಕೋಲದ ಬಣ್ಣವಿದೆ, ಕ್ಯಾಮೆರಾಕ್ಕೆ ಹಬ್ಬ. ಬಯಲುಸೀಮೆಯ ದೆವ್ವಕ್ಕೆ ಒಂದು ಹುಣಸೆಮರ, ಒಂದು ಹಾಳುಬಾವಿ, ಮೇಲೆ ಸುಡುಬಿಸಿಲು. ಬಂಡವಾಳ ಹಾಕುವವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ನಮ್ಮಲ್ಲಿ ಹಗಲಿನಲ್ಲೇ ನಡೆಯುವ ಒಂದು ದೃಶ್ಯವನ್ನು ಅವರು ನೋಡಿಲ್ಲ, ಅಷ್ಟೇ.

ಒಣಗಿದ ತೆಂಗಿನ ತೋಟ. ಸುಳಿ ಬಿದ್ದ ಮರಗಳು. ಒಬ್ಬ ಮನುಷ್ಯ ಅಂಗೈಯ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆಯುತ್ತಾನೆ. ಹಿಂದೆ ಮನೆಯವರು ಉಸಿರು ಬಿಗಿಹಿಡಿದು ನಡೆಯುತ್ತಾರೆ. ಒಂದು ಕಡೆ ಕಾಯಿ ಎದ್ದು ನಿಲ್ಲುತ್ತದೆ. “ಇಲ್ಲೈತೆ” ಅನ್ನುತ್ತಾನೆ. ಅಲ್ಲಿಗೊಂದು ಕಲ್ಲು, ಅರಿಸಿನ ಕುಂಕುಮ, ಊದಿನಕಡ್ಡಿ. ಮರುದಿನ ರಿಗ್ ಬರುತ್ತದೆ. ನಮ್ಮ ಮನೆಯಲ್ಲಿ ಹೀಗೆ ಮೂರು ಬೋರು ಕೊರೆಸಿದರು. ಮೂರನೆಯದು ಎಂಟುನೂರು ಅಡಿ ದಾಟಿದಾಗ ಬರೀ ಬಿಳಿ ಧೂಳು ಹಾರುತ್ತಿತ್ತು. ಅಪ್ಪ ಇನ್ನೂ ಐವತ್ತು ಅಡಿ ಹಾಕಿ ಅಂದರು. ಅಮ್ಮ ಏನೂ ಹೇಳದೆ ಒಳಗೆ ಹೋದಳು. ಹೊರಗೆ ಬಂದಾಗ ಕಿವಿ ಬರಿದಾಗಿತ್ತು. ಆ ರಿಗ್ಗಿನ ಸದ್ದು, ಆ ಧೂಳು, ಆ ಬರಿ ಕಿವಿ, ನನ್ನ ಮಟ್ಟಿಗೆ ಇದಕ್ಕಿಂತ ಭಯಂಕರ ಸಿನಿಮಾ ಇಲ್ಲ. ಕಾಯಿ ಹಿಡಿದವನು ಮೋಸಗಾರ ಎಂದು ಹೇಳಲಾರೆ. ಅವನು ತನ್ನ ಕೈಯನ್ನು ತಾನೇ ನಂಬಿದ್ದ. ಅವನ ಸ್ವಂತ ಹೊಲದಲ್ಲೂ ನೀರಿರಲಿಲ್ಲ.

ನೀರು ಬಿಟ್ಟರೆ ನಿಧಿ. ಪಾಳೆಯಗಾರರ ಸೀಮೆಯಲ್ಲಿ ಪ್ರತಿ ಹಾಳು ಗುಡಿಯ ಕೆಳಗೂ ಕೊಪ್ಪರಿಗೆ ಇದೆ ಎಂದು ಹೇಳುವವರಿದ್ದಾರೆ. ನಂದಿಯನ್ನು ಉರುಳಿಸಿ ಅಗೆದ ಗುಂಡಿಗಳನ್ನು ನೀವೂ ನೋಡಿರುತ್ತೀರಿ. ರಾಹಿ ಅನಿಲ್ ಬರ್ವೆಯವರ ‘ತುಂಬಾಡ್’ ಇದೇ ಆಸೆಯ ಕಥೆ. ಮೊದಲ ಚಿತ್ರೀಕರಣ 2012ರಲ್ಲಿ, ತೆರೆಗೆ ಬಂದದ್ದು 2018ರಲ್ಲಿ. 2024ರಲ್ಲಿ ಮತ್ತೆ ಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಅಲ್ಲಿ ಭೂಮಿಯ ಗರ್ಭದಲ್ಲಿ ಹಸ್ತರ್ ಎಂಬ ಶಾಪಗ್ರಸ್ತ ದೇವರು ಕೂತಿದ್ದಾನೆ, ಅವನ ನಾಣ್ಯಕ್ಕಾಗಿ ಅಪ್ಪ ಮಗನನ್ನೂ ಅವನಿರುವ ಬಾವಿಗೆ ಇಳಿಸುತ್ತಾನೆ. ಕಲ್ಪನೆ ಎಂದು ನೋಡಿ ಬಂದೆವು. 2025ರ ಫೆಬ್ರುವರಿಯಲ್ಲಿ ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಒಂದು ಕೊಲೆಯಾಯಿತು. ನರಬಲಿ ಕೊಟ್ಟರೆ ನಿಧಿ ಸಿಗುತ್ತದೆ ಎಂದು ಜ್ಯೋತಿಷಿಯೊಬ್ಬ ಹೇಳಿದ್ದೇ ಕಾರಣ ಎಂದು ಪೊಲೀಸರು ಹೇಳಿದರು. ಸತ್ತದ್ದು ಬಡವ. ಯಾವ ನಿಧಿಯ ದೇವರೂ ಶ್ರೀಮಂತನ ರಕ್ತ ಕೇಳಿದ್ದನ್ನು ನಾನು ಕೇಳಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿ ಹೇಳಲು ಸ್ವಲ್ಪ ಅಳುಕು, ಏಕೆಂದರೆ ಕಾಡುಗೊಲ್ಲರ ಹಟ್ಟಿಗಳು ನಮ್ಮ ಸುತ್ತಲೇ ಇವೆ. ಜುಂಜಪ್ಪನ, ಎತ್ತಪ್ಪನ ಕಥೆಗಳನ್ನು ರಾತ್ರಿಯಿಡೀ ಹಾಡಬಲ್ಲ ಜನ ಅವರು. ಅಂಥ ಕಾವ್ಯ ಕಟ್ಟಿದವರ ಬಗ್ಗೆ ಹಗುರ ಮಾತು ಸಲ್ಲದು. ಆದರೆ ಸೂತಕದ ಹೆಸರಿನಲ್ಲಿ ಬಾಣಂತಿ, ಮುಟ್ಟಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿಡುವುದು ಇನ್ನೂ ಪೂರ್ತಿ ನಿಂತಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ, ಮಳೆಗಾಲದಲ್ಲಿ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಕೂಸು ತೀರಿಕೊಂಡಿತು. ಸರ್ಕಾರವೇ ಕೆಲವು ಕಡೆ ಕೃಷ್ಣ ಕುಟೀರ ಎಂಬ ಹೆಸರಿನಲ್ಲಿ ಹೆಂಗಸರು ಹೊರಗಿರಲು ಕಟ್ಟಡ ಕಟ್ಟಿಸಿತ್ತು. ಗುಡಿಸಲಿಗಿಂತ ಗಟ್ಟಿ ಗೋಡೆ, ನಿಜ. ಹೊರಗಿಡುವುದಕ್ಕೂ ಸಿಮೆಂಟು ಬಿತ್ತು. “ಹೆಂಗಸರೇ ಒಪ್ಪಿ ಹೊರಗಿರುತ್ತಾರೆ, ದೇವರು ಮುನಿಯುತ್ತೆ ಅಂತ ಅವರಿಗೇ ಭಯ” ಎಂದು ಹಲವರು ನನಗೆ ಹೇಳಿದ್ದಾರೆ. ಇರಬಹುದು. ಆ ಮುನಿಸನ್ನು ಮೊದಲು ಕೇಳಿಸಿಕೊಂಡು ಬಂದು ಹೇಳಿದವರು ಹೆಂಗಸರೇನಾ ಎಂದು ಮಾತ್ರ ಕೇಳಬೇಕೆನಿಸುತ್ತದೆ.

ಕಾಯ್ದೆ ಇದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಕೊಡುವುದು, ನಿಧಿಯ ಹೆಸರಿನ ಕ್ರೌರ್ಯ, ಮುಟ್ಟಾದವರನ್ನು ಊರ ಹೊರಗಿಡುವುದು ಎಲ್ಲ ಅಪರಾಧ. ಅದರ ಅನುಸೂಚಿಯನ್ನು ಓದಿದಾಗ, ನಮ್ಮ ಬೀದಿಯ ಶುಕ್ರವಾರಗಳನ್ನು ಯಾರೋ ಕೂತು ನೋಡಿ ಬರೆದಂತೆ ಅನ್ನಿಸಿತು. ಬರಲು, ಹೊಗೆ ಎಲ್ಲ ಅದರಲ್ಲಿದೆ. ಅಡವಿಟ್ಟ ಬಂಗಾರ ಅದರಲ್ಲಿಲ್ಲ. ಅದನ್ನು ಹುಡುಕಲು ಕಾಯ್ದೆಗೆ ಆಗುವುದಿಲ್ಲ, ಕಥೆ ಹೇಳುವವನೇ ಬೇಕು.

ಅಗೋ, ಅಜ್ಜ ಬಂದರು. ಪರದೆಯನ್ನೂ ಕಟ್ಟುತ್ತಿದ್ದಾರೆ. ಈಗ ತೋರಿಸುವುದು ದೆವ್ವದ ಸಿನಿಮಾ ಎಂದು ಯಾರೂ ಕರೆಯದ ಒಂದು ಚಿತ್ರ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’, 1977ರದು, ಯು.ಆರ್. ಅನಂತಮೂರ್ತಿಯವರ ಕಥೆ. ರಾಷ್ಟ್ರದ ಅತ್ಯುತ್ತಮ ಚಿತ್ರ ಎಂದು ಸ್ವರ್ಣಕಮಲ ಪಡೆದದ್ದು. ದುರಸ್ತಿ ಮಾಡಿದ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲೂ ತೋರಿಸಿದರು. ಕಪ್ಪು ಬಿಳುಪು, ಸ್ವಲ್ಪ ನಿಧಾನ, ಹುಡುಗರು ತಾಳ್ಮೆ ಇಟ್ಟುಕೊಳ್ಳಿ. ವೇದಪಾಠಶಾಲೆ ನಡೆಸುವ ಉಡುಪರ ವಿಧವೆ ಮಗಳು ಯಮುನಾ ಬಸಿರಾಗುತ್ತಾಳೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ. ಮಡಕೆ ಒಡೆಯುತ್ತಾನೆ, ಮಂತ್ರ ಹೇಳುತ್ತಾನೆ, ಅಲ್ಲಿಗೆ ಅವಳು ಸತ್ತವಳು. ಉಸಿರಾಡುವ ಹೆಣ್ಣನ್ನು ಎಲ್ಲರ ಕಣ್ಣೆದುರು ದೆವ್ವ ಮಾಡುವ ವಿಧಿ ಅದು. ಪಾಠಕ್ಕೆ ಬಂದ ಚಿಕ್ಕ ಹುಡುಗ ನಾಣಿ ಇದನ್ನೆಲ್ಲ ನೋಡುತ್ತಿರುತ್ತಾನೆ. ಕೊನೆಯಲ್ಲಿ ಅವನ ಅಪ್ಪ ಅವನನ್ನು ಊರಿಗೆ ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಒಂದು ಮರ. ಮರದ ಕೆಳಗೆ ತಲೆ ಬೋಳಿಸಿದ ಯಮುನಕ್ಕ ಕೂತಿರುತ್ತಾಳೆ. ಆಗ ನಾಣಿಯ ಮುಖ ನೋಡಿ.

ಮುಂದಿನ ಸಾಲಿನವರು ಸ್ವಲ್ಪ ಬಗ್ಗಿ ಕೂರಿ, ಅಜ್ಜನಿಗೆ ಕಾಣಿಸಲಿ. ದೀಪ ಆರಿಸಿ.